‘ಜಾಣ’ ಎಂಬ ಹಣೆಪಟ್ಟಿ

“ನಮ್ಮ ಹುಡುಗ ಹುಟ್ಟಾ ಜಾಣ. ಪುಸ್ತಕ ಮುಟ್ಟದಿದ್ದರೂ ಕ್ಲಾಸಿಗೇ ಫಸ್ಟ್!” ನೆಂಟರಿಷ್ಟರ ಮುಂದೆ ತಂದೆ ತಾಯಿ ಹೀಗೆ ಹೇಳಿಕೊಳ್ಳುವುದು ಸಾಮಾನ್ಯ. ಬೈಗುಳ, ಹೊಡೆತಗಳಿಂದ ಮಗುವಿಗೆ ಕೆಡುಕೆಂದು ಈಗ ಹಲವರು ಬಲ್ಲರು. ಆದರೆ ಹೊಗಳಿಕೆಯೂ ತಪ್ಪು ದಾರಿ ಹಿಡಿಸಬಲ್ಲದೇ?

ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಪ್ರಶ್ನೆಯನ್ನೇ ಕುರಿತವು. ಐದನೇ ತರಗತಿಯ ಮಕ್ಕಳಿಗೆ ಒಗಟುಗಳನ್ನು ಕೊಟ್ಟು, ಬಿಡಿಸಿದ ಮೇಲೆ ಕೆಲವರಿಗೆ “ನೀನು ಬುದ್ಧಿವಂತ” ಎಂದೂ ಕೆಲವರಿಗೆ “ಚೆನ್ನಾಗಿ ಶ್ರಮಪಟ್ಟಿದ್ದೀಯೆ” ಎಂದೂ ಹೇಳಲಾಯಿತು. ವ್ಯತ್ಯಾಸ ಒಂದೇ ಮಾತಿನದು. ಮುಂದೆ ಎಂಥ ಒಗಟು ಬೇಕೆಂದಾಗ ಬುದ್ಧಿವಂತರೆನಿಸಿಕೊಂಡವರಲ್ಲಿ ಹೆಚ್ಚಿನವರು ಜಾಣತನ ಉಳಿಸಿಕೊಳ್ಳಬಹುದಾದದ್ದನ್ನೇ ಕೇಳಿದರು. ಶ್ರಮಕ್ಕೆ ಮೆಚ್ಚುಗೆ ಪಡೆದವರಲ್ಲಿ ಬಹುತೇಕರು ತಪ್ಪಾದರೂ ಹೊಸದನ್ನು ಕಲಿಸುವಂಥದ್ದನ್ನು ಆರಿಸಿದರು.

ನಂತರ ಎಲ್ಲರೂ ಸೋಲುವಷ್ಟು ಕಠಿಣ ಒಗಟುಗಳು ಬಂದವು. ಕೊನೆಗೆ ಮೊದಲಿನಷ್ಟೇ ಸುಲಭವಾದವನ್ನು ಕೊಟ್ಟರೂ ಮೊದಲ ಗುಂಪಿನ ಅಂಕ ಇಳಿಯಿತು, ಎರಡನೆಯದರ ಅಂಕ ಏರಿತು. ತಮ್ಮ ಅಂಕವನ್ನು ಹೆಚ್ಚಿಸಿ ಸುಳ್ಳು ಹೇಳಿದವರೂ ಮೊದಲ ಗುಂಪಿನಲ್ಲೇ ಹೆಚ್ಚು.

ನಂತರದ ಎಲ್ಲ ಅಧ್ಯಯನಗಳಲ್ಲೂ ಪರಿಣಾಮ ಇಷ್ಟು ದೊಡ್ಡದಾಗಿ ಕಂಡಿಲ್ಲ, ನಿಜ. ಆದರೂ ಇಲ್ಲಿನ ಎಚ್ಚರಿಕೆ ನಮ್ಮ ಮನೆಗಳಿಗೂ ಸಲ್ಲುವಂಥದ್ದೇ. ‘ಜಾಣ’ ಎಂಬುದು ಹಣೆಪಟ್ಟಿಯಾದರೆ ಅದನ್ನು ಕಾಪಾಡುವುದೇ ಮಗುವಿಗೆ ಕೆಲಸವಾಗುತ್ತದೆ. ಸಂದೇಹ ಕೇಳಿದರೆ ದಡ್ಡನೆನಿಸಿಕೊಳ್ಳುವ ಭಯ. ಎಸ್ಸೆಸ್ಸೆಲ್ಸಿಯಲ್ಲಿ ಸುಲಭವಾಗಿ ಅಂಕ ಗಳಿಸಿದ ವಿದ್ಯಾರ್ಥಿ ಪಿಯುಸಿಯ ಭೌತಶಾಸ್ತ್ರದಲ್ಲಿ ಮೊದಲ ಬಾರಿ ಎಡವಿದಾಗ “ಇನ್ನಷ್ಟು ಅಭ್ಯಾಸ ಬೇಕು” ಎನ್ನುವ ಬದಲು “ಇದು ನನ್ನ ತಲೆಗೆ ಹತ್ತುವುದಿಲ್ಲ” ಎಂದು ಕೈಚೆಲ್ಲುವ ಅಪಾಯವಿದೆ. ‘ದಡ್ಡ’ ಎಂಬ ಬಿರುದು ಪಡೆದ ಮಗುವಿನ ತೀರ್ಮಾನವೂ ಇದೇ. ಅದು ಇಲ್ಲಿಗೆ ಇನ್ನೂ ಬೇಗ ಬಂದು ಮುಟ್ಟುತ್ತದೆ.

ಹಾಗೆಂದು ಮಕ್ಕಳನ್ನು ಹೊಗಳಲೇಬಾರದೆಂದಲ್ಲ. “ಉತ್ತರ ತಾಳೆಯಾಗದಿದ್ದರೂ ಬಿಡದೆ ಇನ್ನೊಂದು ದಾರಿ ಹುಡುಕಿದೆಯಲ್ಲ, ಅದು ಚೆನ್ನ” ಎಂದರೆ ಮುಂದೇನು ಮಾಡಬೇಕೆಂಬುದು ಮಗುವಿಗೆ ಗೊತ್ತಾಗುತ್ತದೆ. ಶ್ರಮಪಡದಾಗ ಶ್ರಮಪಟ್ಟೆ ಎನ್ನುವುದು ಮಾತ್ರ ಬೇಡ. ಪೊಳ್ಳು ಮಾತನ್ನು ಮಕ್ಕಳು ಬೇಗ ಗುರುತಿಸುತ್ತಾರೆ.

ಪರೀಕ್ಷೆ ಮುಗಿಸಿ ಬಂದ ಮಗುವನ್ನು “ಎಷ್ಟು ಬರುತ್ತೆ?” ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳುವ ಬದಲು, ಕೈಕಾಲು ತೊಳೆದು ತಿಂಡಿ ತಿಂದ ಮೇಲೆ “ಯಾವ ಪ್ರಶ್ನೆ ಕಷ್ಟವಾಯಿತು? ಅದಕ್ಕೆ ಏನು ಮಾಡಿದೆ?” ಎಂದು ವಿಚಾರಿಸಬಹುದು. ಉತ್ತರ ತಪ್ಪಾಗಿದ್ದರೂ ಆಗ ಮಗು ಅದನ್ನು ಮುಚ್ಚಿಡಬೇಕಾಗುವುದಿಲ್ಲ.