ಬಿದ್ದ ಗೋಡೆಗೆ ಪರಿಹಾರ, ನಿಂತ ಗೋಡೆಗೆ?

ಬರದ ಸೀಮೆಯೆಂದೇ ಹೆಸರಾದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಜನರಿಗೆ ನೆರೆಯೆಂಬುದು ಬಹುಕಾಲ ಪರಸ್ಥಳದ ಸುದ್ದಿಯಾಗಿತ್ತು. ಕೃಷ್ಣಾ ತೀರದಲ್ಲೋ ಕೊಡಗಿನಲ್ಲೋ ಮನೆಗಳು ಕುಸಿದಾಗ ಮರುಗುವುದು, ತಮ್ಮೂರ ಕೆರೆಯ ಒಣಗಿದ ಅಂಗಳ ಕಂಡು ನಿಟ್ಟುಸಿರು ಬಿಡುವುದು ಇಲ್ಲಿನ ರೂಢಿ. 2021ರ ನವೆಂಬರ್ ತಿಂಗಳು ಈ ರೂಢಿಯನ್ನು ಮುರಿಯಿತು. ಬಂಗಾಳ ಕೊಲ್ಲಿಯಲ್ಲಿ ರೂಪುಗೊಂಡ ವಾಯುಭಾರ ಕುಸಿತವು ಆ ತಿಂಗಳ 19ರಂದು ಚೆನ್ನೈ ಬಳಿ ದಡ ದಾಟಿತು. ಅದರ ಮಳೆ ಒಳನಾಡಿನ ಈ ಬಯಲಿನ ಮೇಲೂ ಸುರಿಯಿತು. ವರ್ಷಗಟ್ಟಲೆ ತುಂಬದಿದ್ದ ಕೆರೆಗಳು ಕೋಡಿ ಹರಿದವು. ಜನರು ಬಾಗಿನ ಅರ್ಪಿಸುವ ಸಂಭ್ರಮದಲ್ಲಿದ್ದಾಗಲೇ ಹಳ್ಳಿಗಳ ಹಳೆಯ ಮಣ್ಣಿನ ಗೋಡೆಗಳು ಒಂದೊಂದಾಗಿ ಮಲಗತೊಡಗಿದವು.

ಚಂಡಮಾರುತಕ್ಕೂ ನಮಗೂ ಏನು ಸಂಬಂಧ ಎಂದು ಕೇಳುವವರುಂಟು. ನಕಾಶೆಯನ್ನು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ. ಜೀವನದಿ ಒಂದೂ ಇಲ್ಲದ ಈ ನೆಲ ಹಲವು ನದಿಗಳ ತವರು. ನಂದಿ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು ಆಂಧ್ರಕ್ಕೆ ಹೋಗುತ್ತದೆ. ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳ ಮೂಲವೂ ಈ ಭಾಗವೇ. ಇವುಗಳ ನೀರೆಲ್ಲ ಹರಿದು ಸೇರುವುದು ಬಂಗಾಳ ಕೊಲ್ಲಿಯನ್ನು. ಹಿಂಗಾರಿನ ದೊಡ್ಡ ಮಳೆಗಳು ಬರುವುದೂ ಅಲ್ಲಿಂದಲೇ. ಕೊಲ್ಲಿ ಕೆರಳಿದಾಗ ಅದರ ಬಿಸಿ ನಮಗೂ ತಟ್ಟದಿರದು.

ಇನ್ನೊಂದು ಬದಲಾವಣೆಯೂ ಆಗಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಹರಿದಿದೆ. ಅಂತರ್ಜಲಕ್ಕೆ ಅದರಿಂದ ಒಳಿತಾಗಬಹುದು. ಆದರೆ ಮೊದಲೇ ತುಂಬಿರುವ ಕೆರೆಗೆ ಭಾರಿ ಮಳೆಯನ್ನು ಹಿಡಿದಿಡುವ ಶಕ್ತಿ ಕಡಿಮೆ. ಕೋಡಿ ಬೇಗ ಬೀಳುತ್ತದೆ. ಒತ್ತುವರಿಯಾದ ರಾಜಕಾಲುವೆಯಲ್ಲಿ ದಾರಿ ಕಾಣದ ನೀರು ತಗ್ಗಿನ ಕೇರಿಗಳಿಗೆ ನುಗ್ಗುತ್ತದೆ. ಆ ಕೇರಿಗಳಲ್ಲಿ ವಾಸಿಸುವವರು ಯಾರೆಂಬುದನ್ನು ವಿವರಿಸಬೇಕಾಗಿಲ್ಲ.

ನಾನು ಕಂದಾಯ ಇಲಾಖೆಯಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ಇಂದಿಗೂ ಮರೆಯಲಾಗಿಲ್ಲ. ಜಡಿಮಳೆಯ ಒಂದು ವಾರದಲ್ಲಿ ಹಾನಿ ಪರಿಶೀಲನೆಗೆಂದು ಹಳ್ಳಿಯೊಂದಕ್ಕೆ ಹೋಗಿದ್ದೆ. ಕುಸಿದ ಮನೆಯೊಂದರ ಮಹಜರು ಮುಗಿಸಿ ಹೊರಡುವಾಗ ಪಕ್ಕದ ಮನೆಯ ವೃದ್ಧೆ ತಡೆದು, ತನ್ನ ಮನೆಯ ಪಡುವಣ ಗೋಡೆಯನ್ನು ತೋರಿಸಿದಳು. ಬುಡದಲ್ಲಿ ಗೇಣುದ್ದ ಮಣ್ಣು ಕರಗಿಹೋಗಿತ್ತು. 'ಇದು ಇನ್ನೊಂದು ಮಳೆ ತಡೆಯಲ್ಲ ಸ್ವಾಮಿ, ಬೀಳೋಕೆ ಮುಂಚೆ ಏನಾದರೂ ಮಾಡ್ಕೊಡಿ' ಎಂದಳು. ನಿಯಮ ಬಲ್ಲ ಅಧಿಕಾರಿಯಾಗಿ ನಾನು ಕೊಟ್ಟ ಉತ್ತರ, 'ಬಿದ್ದರೆ ತಿಳಿಸಿ ತಾಯಿ, ಬರುತ್ತೇವೆ' ಎಂಬುದು. ಮಳೆ ನಿಂತ ಎರಡನೆಯ ರಾತ್ರಿ ಗೋಡೆ ಹೊರಕ್ಕೆ ಬಿತ್ತು. ಆಕೆ ಉಳಿದಳು, ಗೋಡೆಯ ಪಕ್ಕ ಕಟ್ಟಿದ್ದ ಎರಡು ಮೇಕೆಗಳು ಸತ್ತವು. ಮಾತಿನಂತೆ ಹೋಗಿ ಮಹಜರು ಬರೆದೆ. ನಾನು ನಿಯಮ ಮೀರಿರಲಿಲ್ಲ. ಆದರೂ ಆ ಉತ್ತರ ಇಂದಿಗೂ ಚುಚ್ಚುತ್ತದೆ.

ಮಳೆ ನಿಂತ ಮೇಲೆ ಗೋಡೆ ಬೀಳುವುದೇಕೆ? ಮಣ್ಣಿನ ಗೋಡೆ ಒಣಗಿರುವಾಗ ಗಟ್ಟಿ. ನೀರು ಕುಡಿದಾಗ ಅದರಲ್ಲಿನ ಜೇಡಿ ಹಿಡಿತ ಕಳೆದುಕೊಳ್ಳುತ್ತದೆ. ಈ ಕೆಲಸ ನಿಧಾನವಾಗಿ, ಬುಡದಿಂದ ನಡೆಯುತ್ತದೆ. ಸೂರಿನಿಂದ ಬಿದ್ದ ಹನಿ ನೆಲಕ್ಕೆ ಬಡಿದು ಗೋಡೆಯ ಬುಡಕ್ಕೆ ಸಿಡಿಯುತ್ತದೆ. ನಿಂತ ನೀರು ಗೋಡೆಯೊಳಗೆ ಮೇಲೇರುತ್ತದೆ. ಮೇಲೆ ಮಣ್ಣಿನ ಮಾಳಿಗೆಯಿದ್ದರೆ ಅದೂ ನೆನೆದು ಭಾರವಾಗುತ್ತದೆ. ಬುಡ ಸೊರಗುವುದಕ್ಕೂ ತಲೆ ಭಾರವಾಗುವುದಕ್ಕೂ ಸರಿಹೋಗುತ್ತದೆ. ಹಾಗಾಗಿ ಬಿಸಿಲು ಕಂಡಾಕ್ಷಣ ಅಪಾಯ ಕಳೆಯಿತೆಂದು ಭಾವಿಸುವುದು ತಪ್ಪು.

ಇಲ್ಲಿ ನಾವೇ ಮಾಡಿಕೊಂಡ ಎರಡು ತಪ್ಪುಗಳಿವೆ. ಮೊದಲನೆಯದು ಬೀದಿಯದು. ಹಳೆಯ ಕಾಂಕ್ರೀಟ್ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಹೊಸದನ್ನು ಹಾಕುತ್ತ ಹೋದಂತೆ ಬೀದಿ ಎತ್ತರವಾಗಿ, ಮನೆಯ ನೆಲ ತಗ್ಗಾಗುತ್ತದೆ. ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಒಳಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು; ನೀರೂ ಹಾಗೆಯೇ ಇಳಿದು ಬರುತ್ತದೆ. ಎರಡನೆಯದು ಸಿಮೆಂಟಿನ ಮೋಹ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಭದ್ರವೆಂದು ಜನ ನಂಬಿದ್ದಾರೆ. ಆ ಗಾರೆ ಬಿರುಕು ಬಿಟ್ಟಾಗ ನೀರು ಒಳಗೆ ಇಳಿಯುತ್ತದೆ, ಆದರೆ ಆರಿ ಹೊರಬರಲಾಗದು. ಹೊರಗೆ ಚೆಂದ ಕಾಣುವ ಗೋಡೆ ಒಳಗೇ ಕೊಳೆಯುತ್ತದೆ. ಸುಣ್ಣದ ಗಾರೆಗೆ ಈ ದೋಷ ಕಡಿಮೆ.

ಚಂಡಮಾರುತಗಳ ನಾಡಾದ ಅಮೆರಿಕ ಈ ವಿಷಯದಲ್ಲಿ ಕಲಿತ ಪಾಠವೊಂದು ಕುತೂಹಲಕರ. ಒಂದು ಮೀಟರ್ ಆಳಕ್ಕೆ ನಿಂತ ನೀರು ಗೋಡೆಯ ಪ್ರತಿ ಮೀಟರ್ ಉದ್ದವನ್ನು ಸುಮಾರು 500 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ಆಳ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಇದನ್ನರಿತ ಅಲ್ಲಿನ ನೆರೆ ವಿಮೆಯ ನಿಯಮಗಳು ವಾಸದ ನೆಲವನ್ನು ನೆರೆಮಟ್ಟಕ್ಕಿಂತ ಮೇಲೇರಿಸಲು ಹೇಳುತ್ತವೆ. ಅದರ ಕೆಳಗಿನ ಆವರಣದ ಗೋಡೆಗಳಲ್ಲಿ ಪ್ರತಿ ಚದರಡಿ ನೆಲಕ್ಕೆ ಒಂದು ಚದರ ಅಂಗುಲದ ಲೆಕ್ಕದಲ್ಲಿ ಕಂಡಿಗಳಿರಬೇಕು. ನೀರು ಒಳಬಂದು ಎರಡೂ ಕಡೆಯ ಒತ್ತಡ ಸಮವಾದರೆ ಗೋಡೆ ನಿಲ್ಲುತ್ತದೆ. ಅಲೆ ಅಪ್ಪಳಿಸುವ ಕರಾವಳಿಯಲ್ಲಂತೂ ಕೆಳಗಿನ ಗೋಡೆಯೇ ಕಳಚಿಹೋಗಿ ಮೇಲಿನ ಮನೆ ಉಳಿಯುವಂತೆ ಕಟ್ಟುತ್ತಾರೆ. ನೀರಿನೊಡನೆ ಕುಸ್ತಿಗಿಳಿಯದೆ ಅದಕ್ಕೆ ದಾರಿ ಬಿಡುವ ವಿವೇಕ ಇದು.

ನಮ್ಮ ಊರುಗಳಿಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ಇಲ್ಲಿನ ನೀರು ಬಹುಮಟ್ಟಿಗೆ ಮೊಣಕಾಲುದ್ದದ್ದು. ಕಲ್ಲಿಗೆ ಈ ಸೀಮೆಯಲ್ಲಿ ಬರವಿಲ್ಲ. ಹೊಸ ಮನೆಗೆ ಬೀದಿಯ ಮಟ್ಟದಿಂದ ಎರಡಡಿ ಎತ್ತರದ ತಳಪಾಯ, ಕಿಟಕಿಯ ಕೆಳಗಿನವರೆಗೆ ಸೈಜುಗಲ್ಲಿನ ಕಟ್ಟಡ, ಅದರ ಮೇಲೆ ತೇವ ಏರದಂತೆ ಒಂದು ತಡೆಪದರ, ಎರಡಡಿ ಚಾಚಿದ ಸೂರು ಇಷ್ಟಿದ್ದರೆ ಗೋಡೆಯ ಆಯುಷ್ಯ ಹೆಚ್ಚುತ್ತದೆ. ಮೇಲಿನ ಗೋಡೆ ಮಣ್ಣಿನದೇ ಆಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಹೋದ್ಯೋಗಿಗಳು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ನೀರುಣಿಸಿ ಹದಗೊಳಿಸುವ ಇಟ್ಟಿಗೆಯನ್ನು ರೂಪಿಸಿ ಬೆಳೆಸಿದರು. ಸುಡಬೇಕಾಗಿಲ್ಲ, ಹಸಿ ಇಟ್ಟಿಗೆಯಂತೆ ನೀರಿಗೆ ಕರಗುವುದೂ ಇಲ್ಲ. ಹಳೆಯ ಮನೆಗಳಿಗೆ ಬುಡದ ಸುತ್ತ ಕಲ್ಲುಚಪ್ಪಡಿಯ ಹೊದಿಕೆ, ನೀರು ಹೊರಹೋಗುವ ಮೋರಿ, ಸೂರಿನ ವಿಸ್ತರಣೆ ಸಾಕಾಗಬಹುದು.

ತೊಡಕಿರುವುದು ತಂತ್ರದಲ್ಲಲ್ಲ, ಖಜಾನೆಯ ನಿಯಮದಲ್ಲಿ. 2021ರಲ್ಲಿ ಪೂರ್ಣ ಕುಸಿದ ಮನೆಗೆ ಕೇಂದ್ರದ ಮಾರ್ಗಸೂಚಿಯಂತೆ ದೊರೆಯುತ್ತಿದ್ದುದು 95,100 ರೂಪಾಯಿ. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ 5 ಲಕ್ಷ ಕೊಡುವುದಾಗಿ ಘೋಷಿಸಿತ್ತು. ಅಲ್ಪ ಹಾನಿಗೆ 50 ಸಾವಿರ. ಒಂದು ಸರಳ ಲೆಕ್ಕ ಹಾಕೋಣ. ಹತ್ತು ದುರ್ಬಲ ಮನೆಗಳಲ್ಲಿ ಒಂದು ಬಿದ್ದರೂ ಬೊಕ್ಕಸಕ್ಕೆ 5 ಲಕ್ಷದ ಹೊರೆ. ಆ ಹಣವನ್ನು ಮೊದಲೇ ಹಂಚಿದ್ದರೆ ಹತ್ತೂ ಮನೆಗಳ ಬುಡ ಭದ್ರಪಡಿಸಲು ತಲಾ 50 ಸಾವಿರ ದೊರೆಯುತ್ತಿತ್ತು. ಶಿಡ್ಲಘಟ್ಟದ ಕಡೆ ಮನೆಯಲ್ಲೇ ರೇಷ್ಮೆಹುಳು ಸಾಕುವ ಕುಟುಂಬಕ್ಕೆ ಗೋಡೆಯೊಡನೆ ಆ ಬಾರಿಯ ಬೆಳೆಯೂ ಹೋಗುತ್ತದೆ ಎಂಬುದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಪ್ರಾಣಕ್ಕಂತೂ ಬೆಲೆ ಕಟ್ಟಲಾಗದು.

ಹಣಕ್ಕೆ ದಾರಿಯೂ ಇತ್ತು. 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ರಾಜ್ಯ ವಿಪತ್ತು ನಿಧಿಯ ಶೇ 20ರಷ್ಟನ್ನು ಅನಾಹುತ ತಗ್ಗಿಸುವ ಕೆಲಸಗಳಿಗೇ ಮೀಸಲಿಡಬೇಕೆಂದು ಶಿಫಾರಸು ಮಾಡಿತು. ಈ ತತ್ವವನ್ನು ಬಡವರ ಮನೆಯ ಗೋಡೆಯವರೆಗೆ ಇಳಿಸುವುದು ಕಷ್ಟವೇನಲ್ಲ. ಪ್ರತಿ ವರ್ಷ ಮುಂಗಾರಿಗೆ ಮುನ್ನ ಗ್ರಾಮ ಆಡಳಿತಾಧಿಕಾರಿ, ಪಂಚಾಯಿತಿ ಎಂಜಿನಿಯರ್ ಮತ್ತು ಊರಿನ ಅನುಭವಿ ಗಾರೆ ಕೆಲಸಗಾರರೊಬ್ಬರು ಜೊತೆಯಾಗಿ ತಗ್ಗಿನ ಕೇರಿಗಳನ್ನು ಸುತ್ತಿ, ಶಿಥಿಲ ಗೋಡೆಗಳ ಪಟ್ಟಿ ಮಾಡಲಿ. ಗ್ರಾಮಸಭೆ ಅದನ್ನು ಓದಿ ಒಪ್ಪಲಿ. ಪಟ್ಟಿಯಲ್ಲಿ ಸುಳ್ಳು ಹೆಸರು ಸೇರಬಹುದೆಂಬ ಆತಂಕ ಸಹಜ. ಬಿದ್ದ ಮನೆಗಳ ಪಟ್ಟಿಯಲ್ಲೂ ಅದು ಇದ್ದದ್ದೇ. ನಿಂತ ಗೋಡೆಯನ್ನಾದರೆ ಯಾರು ಬೇಕಾದರೂ ಹೋಗಿ ನೋಡಬಹುದು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೆ ನಮ್ಮ ಆಡಳಿತದಲ್ಲಿ ನಮೂನೆಗಳಿವೆ, ಶೀರ್ಷಿಕೆಗಳಿವೆ, ಅನುದಾನವಿದೆ. ಬಾಗಿಲನ್ನು ಮೊದಲೇ ಹಾಕುವುದಕ್ಕೂ ಒಂದು ನಮೂನೆ ಸಿದ್ಧವಾಗಲಿ. ಮುಂದಿನ ಜಡಿಮಳೆಯಲ್ಲಿ ಯಾವುದಾದರೂ ಹಳ್ಳಿಯ ವೃದ್ಧೆ ಕರಗಿದ ಬುಡವನ್ನು ತೋರಿಸಿದಾಗ, 'ಬಿದ್ದರೆ ತಿಳಿಸಿ' ಎನ್ನುವ ದುರ್ಗತಿ ಇನ್ನೊಬ್ಬ ಅಧಿಕಾರಿಗೆ ಬಾರದಿರಲಿ.