ಜೇಡನ ವಿಷದಲ್ಲಿ ನೋವಿನ ಮದ್ದು?

ಮೆಣಸಿನಕಾಯಿ ಮುಟ್ಟಿದ ಕೈ ಕಣ್ಣಿಗೆ ತಗಲಿದರೆ ಏನಾಗುವುದೆಂದು ಹಿರೇಕೆರೂರಿನ ಗೃಹಿಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೆರೆಯ ಬ್ಯಾಡಗಿಯ ಕಾಯಿ ಖಾರಕ್ಕಿಂತ ಬಣ್ಣಕ್ಕೇ ಹೆಸರಾದುದಾದರೂ ಉರಿ ತಪ್ಪದು. ಖಾರಕ್ಕೆ ತೆರೆದುಕೊಳ್ಳುವ ನರದ ಬಾಗಿಲನ್ನು 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಗುರುತಿಸಿದರು. ಟ್ರಿನಿಡಾಡ್ ದ್ವೀಪದ ದೈತ್ಯ ಜೇಡವೊಂದರ ವಿಷವೂ ಅದೇ ಬಾಗಿಲನ್ನು ತೆರೆಯುವುದೆಂದು 2006ರಲ್ಲಿ ಅವರ ಪ್ರಯೋಗಶಾಲೆಯಲ್ಲಿಯೇ ಕಂಡುಬಂದುದು ಸೋಜಿಗ!

ನೋವನ್ನು ಹುಟ್ಟಿಸುವ ಜೇಡವಿರುವಂತೆ ಅಡಗಿಸಬಲ್ಲುದೂ ಉಂಟು. ಪೆರು ದೇಶದ ಜೇಡವೊಂದರ ವಿಷದಲ್ಲಿರುವ ಪೆಪ್ಟೈಡು, ನೋವಿನ ಸುದ್ದಿಯನ್ನು ಸಾಗಿಸುವ ಸೋಡಿಯಂ ದ್ವಾರವನ್ನು ಮುಚ್ಚುತ್ತದೆ. ಈ ದ್ವಾರ ಹುಟ್ಟಿನಿಂದಲೇ ಕೆಟ್ಟಿರುವವರಿಗೆ ನೋವೇ ತಿಳಿಯದೆಂಬುದು ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳ ಅಧ್ಯಯನದಿಂದ ಅದೇ ವರ್ಷ ತಿಳಿದುಬಂದಿತು. ಮಾರ್ಫೀನಿನ ಚಟವಿಲ್ಲದೆ ನೋವು ನೀಗೀತೆಂಬ ಆಸೆ ಚಿಗುರಿದ್ದು ಹೀಗೆ. ಆದರೆ ಹೃದಯಕ್ಕೂ ಸ್ನಾಯುಗಳಿಗೂ ಅಂಥವೇ ದ್ವಾರಗಳುಂಟು. ಅವನ್ನು ಮುಟ್ಟದೆ ಇದೊಂದನ್ನೇ ಮುಚ್ಚುವುದು ಸುಲಭವಲ್ಲ. ಆದುದರಿಂದ ಜೇಡನ ಮದ್ದು ಇನ್ನೂ ಔಷಧದಂಗಡಿಯನ್ನು ಸೇರಿಲ್ಲ.