ಸಂಖ್ಯಾಫಲಕದ ಹಿಂದಿನ ಮನೆ

ರಸ್ತೆಯಲ್ಲಿ ಓಡಾಡುವ ಪ್ರತಿಯೊಂದು ವಾಹನವೂ ತನ್ನ ಹಣೆಯ ಮೇಲೆ ಒಂದು ಸಂಖ್ಯೆಯನ್ನು ಹೊತ್ತಿರುತ್ತದೆ. ಚಳ್ಳಕೆರೆಯ ಎಣ್ಣೆ ಗಿರಣಿಯ ಮುಂದೆ ಶೇಂಗಾ ಮೂಟೆ ಹೇರಿಕೊಂಡು ನಿಂತ ಲಾರಿಯಾಗಲಿ, ಮೊಳಕಾಲ್ಮೂರಿನ ನೇಕಾರರ ಬೀದಿಯಿಂದ ರೇಷ್ಮೆ ಸೀರೆಯ ಗಂಟು ಕಟ್ಟಿಕೊಂಡು ಹೊರಟ ಸ್ಕೂಟರಾಗಲಿ, ಚಿತ್ರದುರ್ಗದ ಸಾರಿಗೆ ಕಚೇರಿಯಲ್ಲಿ ನೋಂದಣಿಯಾದದ್ದಾದರೆ ಆ ಸಂಖ್ಯೆ ‘ಕೆಎ 16’ ಎಂದು ಮೊದಲಾಗುತ್ತದೆ. ಅದು ಎಲ್ಲರ ಕಣ್ಣಿಗೂ ಬೀಳಬೇಕೆಂಬುದೇ ಕಾನೂನಿನ ಇಚ್ಛೆ. ಆದರೆ ಆ ಸಂಖ್ಯೆಯ ಹಿಂದೆ ಒಂದು ದಫ್ತರವಿದೆ. ಮಾಲೀಕನ ಹೆಸರು, ಅವನ ತಂದೆಯ ಹೆಸರು, ಮನೆಯ ವಿಳಾಸ, ವಾಹನಕ್ಕೆ ಸಾಲ ಕೊಟ್ಟವರ ಹೆಸರು, ವಿಮೆಯ ವಿವರ, ಎಲ್ಲವೂ ಅದರಲ್ಲಿವೆ. ಫಲಕವನ್ನು ಯಾರು ಬೇಕಾದರೂ ಓದಬಹುದು. ದಫ್ತರವನ್ನು ಯಾರು ಓದಬಹುದು, ಯಾತಕ್ಕಾಗಿ ಓದಬಹುದು ಎಂಬುದೇ ಈ ಹೊತ್ತಿನ ನನ್ನ ವಿಷಯ.

ವಿಳಾಸವೆಂಬುದು ಅಂಥ ಗುಟ್ಟಿನ ವಸ್ತುವೇ ಎಂದು ಕೇಳುವವರಿದ್ದಾರೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಎಂದು ಕಳಿಸಿದವರ ಮತ್ತು ಪಡೆಯುವವರ ಊರುಗಳೆರಡನ್ನೂ ಬಂಡೆಯ ಮೇಲೆ ಬಯಲಿಗಿಟ್ಟು ಬರೆದ ಓಲೆ ಅದು. ಆದರೆ ಅದು ಅಧಿಕಾರಿಗಳ ವಿಳಾಸ, ಕಚೇರಿಯ ವಿಳಾಸ. ಮನೆಯ ವಿಳಾಸದ ಮಾತು ಬೇರೆ. ಅದರಲ್ಲಿಯೂ ನಮ್ಮ ಸೀಮೆಯ ಹಳ್ಳಿಯ ವಿಳಾಸದಲ್ಲಿ ಬಾಗಿಲ ಸಂಖ್ಯೆ ಅನೇಕ ವೇಳೆ ಇರುವುದೇ ಇಲ್ಲ. ಇಂಥವನ ಮಗ ಇಂಥವನು, ಇಂಥ ಹಟ್ಟಿ, ಇಂಥ ಅಂಚೆ. ಅಷ್ಟಕ್ಕೇ ಕಾಗದ ಕೈಸೇರುತ್ತದೆ. ಗೊಲ್ಲರಹಟ್ಟಿ ಎಂದೊಡನೆ, ತಾಂಡಾ ಎಂದೊಡನೆ, ಕಾಲೋನಿ ಎಂದೊಡನೆ ಮನೆ ಮಾತ್ರವಲ್ಲ, ಮನೆಯವರ ಜಾತಿಯೂ ತಿಳಿದುಹೋಗುತ್ತದೆ. ಪಟ್ಟಣದವನ ವಿಳಾಸ ಅವನ ಬಾಗಿಲನ್ನು ತೋರಿಸಿದರೆ ನಮ್ಮವನ ವಿಳಾಸ ಅವನ ಕುಲವನ್ನೂ ತೋರಿಸಿಕೊಡುತ್ತದೆ. ವಿಳಾಸವನ್ನು ಕೇವಲ ಅಂಚೆಯವನ ಅನುಕೂಲವೆಂದು ತಿಳಿದವರು ಇದನ್ನು ಗಮನಿಸಿದಂತೆ ಕಾಣುವುದಿಲ್ಲ.

ಹಾಗೆಂದು ದಫ್ತರಕ್ಕೆ ಬೀಗ ಜಡಿದುಬಿಡಿ ಎಂದೂ ನಾನು ಹೇಳಲಾರೆ. ಬಳ್ಳಾರಿಯಿಂದ ರಾಂಪುರ, ಚಳ್ಳಕೆರೆಗಳ ಮೇಲೆ ಹಿರಿಯೂರಿಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯನ್ನು ನೆನೆಯಿರಿ. ಸಂಜೆಯ ಮಬ್ಬಿನಲ್ಲಿ ಹೊಲದಿಂದ ಮನೆಗೆ ನಡೆದು ಬರುವ ಕೂಲಿಯವನಿಗೆ ಒಂದು ಲಾರಿ ಬಡಿಯಿತೆನ್ನಿ. ನೋಡಿದವರು ಸಂಖ್ಯೆಯನ್ನಷ್ಟೇ ಗುರುತು ಹಾಕಿಕೊಂಡಿದ್ದಾರೆ. ಅವನ ಹೆಂಡತಿ ಪರಿಹಾರ ಕೇಳಬೇಕಾದರೆ ಮಾಲೀಕನಾರು, ಅವನೆಲ್ಲಿದ್ದಾನೆ, ವಿಮೆ ಯಾರಲ್ಲಿದೆ ಎಂಬುದು ಗೊತ್ತಾಗಬೇಕು. ನ್ಯಾಯಮಂಡಳಿಯ ನೋಟೀಸು ಸಂಖ್ಯಾಫಲಕಕ್ಕೆ ಜಾರಿಯಾಗುವುದಿಲ್ಲ. ಅದಕ್ಕೊಂದು ಮನೆ ಬೇಕು. ಇದನ್ನರಿತೇ 1988ರ ಮೋಟಾರು ವಾಹನ ಕಾಯಿದೆಯ 160ನೆಯ ಪ್ರಕರಣ ಒಂದು ಬಾಗಿಲನ್ನು ತೆರೆದಿಟ್ಟಿದೆ. ಅಪಘಾತದಿಂದ ಪರಿಹಾರಕ್ಕೆ ಹಕ್ಕುಳ್ಳವರೆಂದು ಹೇಳಿಕೊಳ್ಳುವವರು ಕೇಳಿದರೆ, ಅಥವಾ ಯಾವ ವಿಮಾ ಸಂಸ್ಥೆಯ ಮೇಲೆ ದಾವೆ ಬಂದಿದೆಯೋ ಆ ಸಂಸ್ಥೆ ಕೇಳಿದರೆ, ನಿಗದಿಯಾದ ಶುಲ್ಕ ಪಡೆದು ವಾಹನದ ವಿವರವನ್ನೂ ಅಪಘಾತದ ವೇಳೆ ಅದನ್ನು ಬಳಸುತ್ತಿದ್ದವನ ಹೆಸರು ವಿಳಾಸಗಳನ್ನೂ ನೋಂದಣಿ ಅಧಿಕಾರಿ ಅಥವಾ ಪೊಲೀಸ್ ಠಾಣಾಧಿಕಾರಿ ಕೊಡಲೇಬೇಕು. ಮಾಲೀಕ ಮನೆ ಬದಲಾಯಿಸಿದರೆ ಮೂವತ್ತು ದಿನಗಳೊಳಗೆ ತಿಳಿಸಬೇಕೆಂದು 49ನೆಯ ಪ್ರಕರಣ ವಿಧಿಸುತ್ತದೆ. ತಿಳಿಸದವನ ನೋಟೀಸು ಹಿಂದಿರುಗಿ ಬರುತ್ತದೆ, ವಿಧವೆ ಕಾಯುತ್ತಾಳೆ.

160ನೆಯ ಪ್ರಕರಣದ ಅಚ್ಚುಕಟ್ಟನ್ನು ನೋಡಿ. ಕೇಳುವವನಿಗೆ ಒಂದು ಕಾರಣವಿರಬೇಕು. ಕೇಳುವುದು ಒಂದು ಅಪಘಾತದ ಬಗ್ಗೆ. ವಿಮಾ ಸಂಸ್ಥೆಗೂ ಪ್ರವೇಶವುಂಟು, ಆದರೆ ಅದು ದಾವೆಗೆ ಗುರಿಯಾದಾಗ. ಒಂದು ಪ್ರಶ್ನೆ, ಅದಕ್ಕೊಂದು ಉತ್ತರ. ಹಿಂದೆ ಗುಮಾಸ್ತ ಎದ್ದು ಹೋಗಿ ದೂಳು ಕೊಡವಿ ದಪ್ಪ ಪುಸ್ತಕವನ್ನು ತೆಗೆದು ಒಂದೇ ಒಂದು ಪುಟವನ್ನು ತೋರಿಸುತ್ತಿದ್ದ. ಆ ನಿಧಾನವನ್ನು ನಾವೆಲ್ಲ ಬೈದದ್ದುಂಟು. ಆ ನಿಧಾನವೇ ಒಂದು ಕಾವಲಾಗಿತ್ತೆಂಬುದು ಅದು ಹೋದ ಮೇಲೆ ಹೊಳೆಯಿತು.

ವಾಹನಗಳ ನೋಂದಣಿ ‘ವಾಹನ್’ ಎಂಬ ಗಣಕ ಭಂಡಾರಕ್ಕೂ ಚಾಲನಾ ಪರವಾನಗಿಗಳು ‘ಸಾರಥಿ’ ಎಂಬುದಕ್ಕೂ ಸೇರಿದ ಮೇಲೆ ಪುಸ್ತಕಗಳೆಲ್ಲ ಒಂದೇ ಪುಸ್ತಕವಾದವು. 2019ರ ಮಾರ್ಚಿಯಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಈ ಮಾಹಿತಿಯನ್ನು ಸಗಟಾಗಿ ಹಂಚುವ ನೀತಿಯೊಂದನ್ನು ಪ್ರಕಟಿಸಿತು. ವ್ಯಾಪಾರಿ ಸಂಸ್ಥೆಗಳಿಗೆ ಆ ವರ್ಷದ ಬೆಲೆ 3 ಕೋಟಿ ರೂಪಾಯಿ. ಸಂಶೋಧನೆಗೆಂದು ಕೇಳುವ ವಿದ್ಯಾಸಂಸ್ಥೆಗಳಿಗೆ 5 ಲಕ್ಷ. ಅದೇ ಜುಲೈಯಲ್ಲಿ ಸಚಿವ ನಿತಿನ್ ಗಡ್ಕರಿಯವರು ರಾಜ್ಯಸಭೆಗೆ ಕೊಟ್ಟ ಉತ್ತರದಂತೆ ಭಂಡಾರದಲ್ಲಿ ಸುಮಾರು 25 ಕೋಟಿ ವಾಹನಗಳ, 15 ಕೋಟಿ ಪರವಾನಗಿಗಳ ದಾಖಲೆಗಳಿದ್ದವು. 87 ಖಾಸಗಿ ಮತ್ತು 32 ಸರ್ಕಾರಿ ಸಂಸ್ಥೆಗಳಿಗೆ ಪ್ರವೇಶ ದೊರೆತಿತ್ತು. ಬೊಕ್ಕಸಕ್ಕೆ 65 ಕೋಟಿ ರೂಪಾಯಿ ಬಂದಿತ್ತು. ನೀತಿಯ ಕಡತದಲ್ಲಿಯೇ ಒಂದು ವಿಚಿತ್ರವಾದ ಒಪ್ಪಿಗೆಯ ಮಾತಿತ್ತು. ಬೇರೆ ಬೇರೆ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ತಾಳೆ ನೋಡಿದರೆ ವ್ಯಕ್ತಿ ಯಾರೆಂಬುದು ಬಯಲಾದೀತು ಎಂದು ಅದನ್ನು ಬರೆದವರೇ ಗುರುತಿಸಿದ್ದರು. ಗುರುತಿಸಿಯೂ ಬೆಲೆ ಕಟ್ಟಿದರು.

ತಾಳೆ ನೋಡುವುದೆಂದರೇನೆಂದು ನನಗೆ ತಿಳಿದದ್ದು ದೂರವಾಣಿಯಿಂದ. ನನ್ನ ವಾಹನದ ವಿಮೆ ಮುಗಿಯಲು ಹದಿನೈದು ದಿನಗಳಿರುವಾಗ ಅಪರಿಚಿತ ಕಂಠವೊಂದು ನನ್ನ ಹೆಸರು ಹಿಡಿದು ಕರೆದು, ವಾಹನದ ಸಂಖ್ಯೆಯನ್ನೂ ಅವಧಿ ಮುಗಿಯುವ ತಾರೀಖನ್ನೂ ಒಪ್ಪಿಸಿತು. ಆ ತಾರೀಖು ನನಗೇ ನೆನಪಿರಲಿಲ್ಲ. ಇದು ನಿಮಗೆ ಎಲ್ಲಿ ಸಿಕ್ಕಿತೆಂದು ಕೇಳಿದೆ. “ನಮ್ಮ ಹತ್ತಿರ ಇರುತ್ತೆ ಸಾರ್” ಎಂಬುದೇ ಉತ್ತರ. ಯಾವ ದಾರಿಯಿಂದ ಬಂತೆಂದು ನಾನು ಬಲ್ಲವನಲ್ಲ, ಯಾರನ್ನೂ ದೂರುವುದೂ ಇಲ್ಲ. ಆದರೆ ನಮ್ಮ ಬೀದಿಯಲ್ಲಿ ಸ್ಕೂಟರಿನ ಮೇಲೆ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳ ಬೆನ್ನ ಹಿಂದೆ ಬಂದವನು ಆ ಸಂಖ್ಯೆಯನ್ನು ಬರೆದುಕೊಂಡರೆ, ಅವನಿಗೂ ಇಂಥ ಕಂಠವೊಂದು ಉತ್ತರ ಕೊಟ್ಟೀತೆ ಎಂಬ ಅಳುಕು ಆ ದಿನ ಹುಟ್ಟಿತು.

ಅಂಥದು ಅಮೆರಿಕದಲ್ಲಿ ನಡೆದುಹೋಗಿದೆ. 1989ರ ಜುಲೈಯಲ್ಲಿ ಲಾಸ್ ಏಂಜಲೀಸಿನಲ್ಲಿ ರೆಬೆಕ ಶೇಫರ್ ಎಂಬ ಇಪ್ಪತ್ತೊಂದು ವರ್ಷದ ನಟಿಯನ್ನು, ಅವಳ ಹಿಂದೆ ಬಿದ್ದಿದ್ದ ಒಬ್ಬ ಗೀಳಿನ ಮನುಷ್ಯ ಅವಳ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದ. ಒಬ್ಬ ಖಾಸಗಿ ಪತ್ತೇದಾರನಿಗೆ ಹಣ ಕೊಟ್ಟು ಕ್ಯಾಲಿಫೋರ್ನಿಯದ ವಾಹನ ಇಲಾಖೆಯಿಂದ ಅವಳ ವಿಳಾಸವನ್ನು ಅವನು ತರಿಸಿಕೊಂಡಿದ್ದ. 1994ರಲ್ಲಿ ಆ ದೇಶದ ಸಂಸತ್ತು ಚಾಲಕರ ಖಾಸಗಿತನವನ್ನು ಕಾಯುವ ಕಾನೂನನ್ನೇ ಮಾಡಿತು. ಅಲ್ಲಿಯೂ ವಿಮಾ ಸಂಸ್ಥೆಗಳನ್ನು ಹೊರಗಿಡಲಿಲ್ಲ: ದಾವೆಯ ವಿಚಾರಣೆ, ವಂಚನೆಯ ತಡೆ, ವಿಮಾಕಂತಿನ ನಿರ್ಣಯ ಇವಕ್ಕೆ ದಾಖಲೆ ನೋಡಬಹುದು. ಮಾರಾಟದ ಪ್ರಚಾರಕ್ಕೆ ಸಗಟಾಗಿ ಬೇಕೆಂದರೆ ಮಾತ್ರ, 1999ರ ತಿದ್ದುಪಡಿಯ ಮೇಲೆ, ಚಾಲಕನ ಸ್ಪಷ್ಟ ಒಪ್ಪಿಗೆ ಬೇಕು.

ವಿಮೆಗಾರರಿಗೆ ಕಂತು ಗೊತ್ತುಮಾಡಲು ಮನೆಯ ವಿಳಾಸ ಎಷ್ಟರಮಟ್ಟಿಗೆ ಬೇಕು? ನಮ್ಮಲ್ಲಿ ಮೂರನೆಯವರ ಹಾನಿಯ ವಿಮೆಗೆ ಕಂತನ್ನು ಸರ್ಕಾರವೇ ನಿಗದಿಪಡಿಸುತ್ತದೆ. ಕಾರಿಗಾದರೆ ಎಂಜಿನ್ನಿನ ಗಾತ್ರವೇ ಅದರ ಅಳತೆ. ಸ್ವಂತ ವಾಹನದ ಹಾನಿಗೆ 2002ರ ದರಪಟ್ಟಿ ಕಾರುಗಳಿಗಾಗಿ ದೇಶವನ್ನು ಎರಡು ವಲಯ ಮಾಡಿತ್ತು. ಬೆಂಗಳೂರಿನಂಥ ಎಂಟು ಮಹಾನಗರಗಳು ಒಂದು, ಉಳಿದದ್ದೆಲ್ಲ ಇನ್ನೊಂದು. ನೋಂದಣಿಯ ಊರು ಯಾವ ವಲಯದ್ದೆಂದು ತಿಳಿಯಲು ಸಂಖ್ಯಾಫಲಕದ ‘ಕೆಎ 16’ ಎಂಬ ಮೊದಲ ಭಾಗವೇ ಸಾಕಲ್ಲವೆ? ಹಟ್ಟಿಯ ಹೆಸರೇಕೆ, ತಂದೆಯ ಹೆಸರೇಕೆ? ಗಿರಾಕಿಯಾದವನು ಪಾಲಿಸಿಗಾಗಿ ತಾನೇ ವಿಳಾಸ ಬರೆದುಕೊಡುತ್ತಾನೆ. ಅದು ಅವನು ಕೊಟ್ಟದ್ದು. ಗಿರಾಕಿಯಾಗದವನ ವಿಳಾಸ ಬೇಕಾಗುವುದು ಅವನನ್ನು ಗಿರಾಕಿಯನ್ನಾಗಿ ಮಾಡಿಕೊಳ್ಳಲು. ಸರ್ಕಾರ ಕಾನೂನಿನ ಬಲದಿಂದ ಪಡೆದ ವಿಳಾಸ ಆ ಕೆಲಸಕ್ಕೆ ಹೋಗಬಾರದೆಂಬುದು ನನ್ನ ಅಭಿಪ್ರಾಯ. ನೋಂದಣಿಗೆ ಒಪ್ಪುವುದಿಲ್ಲ ಎನ್ನುವ ಸ್ವಾತಂತ್ರ್ಯ ವಾಹನ ಇಟ್ಟವನಿಗೆ ಇಲ್ಲವಷ್ಟೆ.

ಈ ವಾದಕ್ಕೆ ಆಧಾರ ಕೊಟ್ಟವರು ಕನ್ನಡ ನಾಡಿನವರೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅದರಿಂದ ಹುಟ್ಟಿದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಉತ್ತರ ಕೊಟ್ಟಿತು: ಖಾಸಗಿತನ ಮೂಲಭೂತ ಹಕ್ಕು. 2024ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಆ ತೀರ್ಪನ್ನೇ ನೆನೆದವು.

ತೀರ್ಪು ಬಂದ ಎರಡು ವರ್ಷಗಳೊಳಗೇ ಸಗಟು ಮಾರಾಟದ ನೀತಿ ಹೇಗೆ ಹುಟ್ಟಿತೆಂಬುದು ನನಗಿನ್ನೂ ಬಿಡಿಸದ ಒಗಟು. ಏನೇ ಇರಲಿ, ದುರ್ಬಳಕೆಯ ಮತ್ತು ಖಾಸಗಿತನದ ಆತಂಕವನ್ನು ಮುಂದಿಟ್ಟು 2020ರ ಜೂನ್‌ನಲ್ಲಿ ಸಚಿವಾಲಯವೇ ಅದನ್ನು ರದ್ದುಗೊಳಿಸಿತು. ವ್ಯಕ್ತಿಗತ ದತ್ತಾಂಶ ರಕ್ಷಣೆಯ ಕಾಯಿದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರಿನಲ್ಲಿ. ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ದಾರಿಯನ್ನು ಆ ಕಾಯಿದೆ ಅಗಲವಾಗಿಯೇ ಬಿಟ್ಟಿದೆ. ಸಾರ್ವಜನಿಕರು ಸಂಖ್ಯೆಯಿಂದ ಹುಡುಕಿದಾಗ ಮಾಲೀಕನ ಹೆಸರಿನ ಅಕ್ಷರಗಳ ನಡುವೆ ನಕ್ಷತ್ರ ಚಿಹ್ನೆಗಳನ್ನು ಇಡುವ ಪದ್ಧತಿ ಬಂದಿದೆ. ಬೆಂಗಳೂರಿಗೆ ಅದು ಸಾಕಾದೀತು. ನಮ್ಮಂಥ ಊರಿನಲ್ಲಿ ಎರಡಕ್ಷರ ಕಂಡರೆ ಉಳಿದದ್ದನ್ನು ಹೋಟೆಲಿನ ಮಾಣಿಯೇ ತುಂಬಿ ಹೇಳುತ್ತಾನೆ.

ಇನ್ನು ನಮ್ಮ ಕೈಯಲ್ಲಿರುವ ಸಣ್ಣ ಎಚ್ಚರವೊಂದಿದೆ. ಸಾಲಕ್ಕೆ, ವಿಮೆಗೆ, ಹಳೆಯ ಗಾಡಿಯ ಮಾರಾಟಕ್ಕೆ ಎಂದು ನೋಂದಣಿ ಪತ್ರದ ಜೆರಾಕ್ಸ್ ಪ್ರತಿಗಳನ್ನು ನಾವು ಕೇಳಿದವರಿಗೆಲ್ಲ ಕೊಡುತ್ತ ಬಂದಿದ್ದೇವೆ. ನಾನು ಈಗ ಪ್ರತಿಯ ಮೇಲೆ ಅಡ್ಡಲಾಗಿ, ಯಾವ ಕೆಲಸಕ್ಕೆ ಕೊಟ್ಟದ್ದು, ಯಾರಿಗೆ, ಯಾವ ತಾರೀಖು ಎಂದು ಶಾಯಿಯಲ್ಲಿ ಬರೆದು, ಸಹಿ ಹಾಕಿಯೇ ಕೊಡುತ್ತೇನೆ. ಮೊದಲ ಸಲ ಹಾಗೆ ಬರೆದಾಗ ಏಜೆಂಟರು ಮುಖ ಸಿಂಡರಿಸಿ, ಇನ್ನೊಂದು ಖಾಲಿ ಪ್ರತಿ ಕೊಡಿ ಎಂದರು. ಯಾತಕ್ಕೆಂದು ಕೇಳಿದೆ. ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ; ಬರೆದದ್ದನ್ನೇ ತೆಗೆದುಕೊಂಡು ಹೋದರು.